ಪ್ರಧಾನ್‌ಜಿಗೆ ಬೇಕಾಗಿದ್ದ ಬಿರುಕು

ನೆಲದ ಕೆಳಗೆ ಏನಿದೆ ಎಂದು ಹೇಳುವುದು ನನ್ನ ಉದ್ಯೋಗ. ಅಗೆಯುವುದಿಲ್ಲ. ಮೇಲಿನಿಂದಲೇ ಸ್ವಲ್ಪ ವಿದ್ಯುತ್ತು ಹರಿಸಿ, ಇಲ್ಲವೇ ಸುತ್ತಿಗೆಯಿಂದ ಬಡಿದು ಅದರ ಅಲೆಗಳನ್ನು ಹಿಡಿದು, ಬಂಡೆ ಎಷ್ಟು ಆಳದಲ್ಲಿದೆ, ಎಲ್ಲಿ ಮುರಿದಿದೆ, ಎಲ್ಲಿ ನೀರು ನಿಂತಿದೆ ಎಂದು ಕಂಡುಕೊಳ್ಳುತ್ತೇವೆ. ನಮ್ಮನ್ನು ಕರೆಸುವವರ ಆಸೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಕೆಳಗೆ ಏನೂ ತೊಂದರೆಯಿಲ್ಲ ಎಂದು ಬರೆದುಕೊಟ್ಟರೆ ಅವರಿಗೆ ಸಂತೋಷ. ಬಿಲ್ಡರ್ ಆಗಲಿ, ಕಾರ್ಖಾನೆಯವರಾಗಲಿ, ಮೇಲ್ಸೇತುವೆ ಕಟ್ಟುವವರಾಗಲಿ, ಎಲ್ಲರೂ ನನ್ನ ಮುಖವನ್ನು ನೋಡುವುದು ಆ ಒಂದು ಮಾತಿಗಾಗಿ. ಇಷ್ಟು ವರ್ಷಗಳಲ್ಲಿ ಒಬ್ಬರು ಮಾತ್ರ ತಮ್ಮ ಕಾಲೊನಿಯ ಕೆಳಗೆ ತೊಂದರೆ ಇದ್ದೇ ಇದೆ ಎಂದು ಬರೆಸಿಕೊಳ್ಳಲು ಬಂದಿದ್ದರು.

ಅವರು ದೆಹಲಿಯ ದಕ್ಷಿಣದ ಅಂಚಿನಲ್ಲಿ, ಫರೀದಾಬಾದ್ ಕಡೆಗೆ ಹೋಗುವ ಹಾದಿಯ ಒಂದು ಕಾಲೊನಿಯ ನಿವಾಸಿಗಳ ಸಂಘದ ಅಧ್ಯಕ್ಷರು. ಅಲ್ಲಿ ಎಲ್ಲರೂ ಅವರನ್ನು ಪ್ರಧಾನ್‌ಜಿ ಎನ್ನುತ್ತಿದ್ದರು. ಓಖ್ಲಾದಲ್ಲಿರುವ ನಮ್ಮ ಕಚೇರಿಗೆ ಅವರು ಬಂದಾಗ ಚಳಿಗಾಲ ಶುರುವಾಗಿತ್ತು. ನಮ್ಮ ಕೆಳಗಿನ ಮಹಡಿಯಲ್ಲಿ ರಫ್ತಿನ ಬಟ್ಟೆ ಹೊಲಿಯುತ್ತಾರೆ. ಇಸ್ತ್ರಿಯ ಹಬೆಯ ವಾಸನೆ ಸದಾ ಮೆಟ್ಟಿಲಲ್ಲಿ ನಿಂತಿರುತ್ತದೆ. ಅದರ ನಡುವೆ ಅವರು ಒಂದು ಡಬ್ಬಿ ಗಜಕ್ ಹಿಡಿದು ಮೇಲೆ ಬಂದು, ಎಳ್ಳು ಬೆಲ್ಲದ ಆ ತಿಂಡಿಯನ್ನು ಎಲ್ಲರಿಗೂ ಹಂಚಿದ ಮೇಲೆ ವಿಷಯಕ್ಕೆ ಬಂದರು. ಹಿಂದಿನ ತಿಂಗಳು ಸಣ್ಣದೊಂದು ಕಂಪನವಾಗಿತ್ತಲ್ಲ, ಆಮೇಲೆ ಅವರ ಕಾಲೊನಿಯ ಒಂದು ಗಲ್ಲಿಯ ಮನೆಗಳಲ್ಲಿ ಬಿರುಕು ಬಿಟ್ಟಿದೆ. ಕೆಳಗೆ ಫಾಲ್ಟ್ ಹಾದುಹೋಗಿದೆ ಎಂದು ಜನ ಹೇಳುತ್ತಿದ್ದಾರೆ. ಮೊಬೈಲಿನಲ್ಲಿ ಒಂದು ನಕ್ಷೆ ಓಡಾಡುತ್ತಿದೆ. ನಮ್ಮಂಥವರು ನೋಡಿ ಖಚಿತಪಡಿಸಿಬಿಟ್ಟರೆ ಸರ್ಕಾರದಿಂದ ಪರಿಹಾರ ಕೇಳಬಹುದು.

ಫಾಲ್ಟ್ ಎಂದರೆ ಸ್ತರಭಂಗ. ನೆಲದಾಳದ ಬಂಡೆ ಸೀಳಿ, ಒಂದು ಬದಿ ಇನ್ನೊಂದು ಬದಿಯಿಂದ ಜಾರಿರುವ ಜಾಗ. ದೆಹಲಿಯ ಸುತ್ತ ಇವು ಇವೆ, ಯಮುನೆ ತಂದು ಹಾಸಿದ ಮಣ್ಣಿನ ಕೆಳಗೆ ಮುಚ್ಚಿಹೋಗಿವೆ. ಹಾಗಾಗಿ ಪ್ರಧಾನ್‌ಜಿ ಹೇಳಿದ್ದು ಅಸಾಧ್ಯದ ಮಾತೇನಲ್ಲ. ಅವರು ಮೊಬೈಲು ತೆಗೆದು ಆ ನಕ್ಷೆ ತೋರಿಸಿದರು. ಉಪಗ್ರಹದ ಚಿತ್ರದ ಮೇಲೆ ಒಂದು ಕೆಂಪು ಗೆರೆ, ಕಾಲೊನಿಯ ನಾಲ್ಕನೇ ಗಲ್ಲಿಯನ್ನು ಅಡ್ಡಲಾಗಿ ದಾಟಿತ್ತು. ಇದನ್ನು ಯಾರು ಎಳೆದರು ಎಂದು ಕೇಳಿದೆ. ಯಾರೋ ಕಳಿಸಿದ್ದು ಎಂದರು. ನಮ್ಮ ಸರ್ ಅಷ್ಟರಲ್ಲಿ ಕೆಲಸ ಒಪ್ಪಿಕೊಂಡಾಗಿತ್ತು. ಅವರು ಸರ್ಕಾರಿ ಇಲಾಖೆಯೊಂದರಲ್ಲಿ ಬಹಳ ಕಾಲ ಭೂಭೌತ ವಿಜ್ಞಾನಿಯಾಗಿದ್ದು, ನಿವೃತ್ತಿಯ ನಂತರ ಈ ಸಣ್ಣ ಸಂಸ್ಥೆ ತೆರೆದವರು, ಮಾತು ಕಡಿಮೆ. ನಾಲ್ಕನೇ ಗಲ್ಲಿಯುದ್ದಕ್ಕೂ ಸಾಲಾಗಿ ಗೂಟ ಹೊಡೆದು ಅಳೆಯುವ ಒಂದು ಲೈನ್ ಸಾಕು ಎಂದು ಪ್ರಧಾನ್‌ಜಿಯೇ ಹೇಳಿದರು. ಎಲ್ಲಿಂದ ಎಲ್ಲಿಗೆ ಎಂಬುದನ್ನೂ ಅವರೇ ತೋರಿಸಿಕೊಡುವುದಾಗಿ ಹೇಳಿದರು.

ಅವರು ಮೆಟ್ಟಿಲಿಳಿದ ಮೇಲೆ ನಾನು ಸರ್ ಅವರನ್ನು ಕೇಳಿದೆ, ತನ್ನ ಮನೆಯ ಬೆಲೆ ತಾನೇ ಇಳಿಸಿಕೊಳ್ಳುವ ಮನುಷ್ಯ ಎಲ್ಲಾದರೂ ಉಂಟೇ ಎಂದು. ಪರಿಹಾರದ ಆಸೆ ಇರಬಹುದು ಎಂದರು. ಅಷ್ಟಕ್ಕೆ ಮಾತು ಮುಗಿಯಿತು.

ನಾನು ಆಗ ಲಕ್ಷ್ಮೀ ನಗರದಲ್ಲಿ ಬಾಡಿಗೆಗಿದ್ದೆ. ಕೆಳಗೆ ಕೋಚಿಂಗ್ ಸೆಂಟರು, ಮೇಲೆ ನನ್ನ ಒಂದು ಕೋಣೆ. ಬೆಳಿಗ್ಗೆ ಮೆಟ್ರೋದಲ್ಲಿ ಮಂಡಿ ಹೌಸಿಗೆ ಬಂದು ಅಲ್ಲಿ ಗಾಡಿ ಬದಲಿಸಿ ಓಖ್ಲಾ ತಲುಪಿ, ಉಪಕರಣ ಮತ್ತು ಇಬ್ಬರು ಸಹಾಯಕರ ಜೊತೆ ವ್ಯಾನಿನಲ್ಲಿ ಕಾಲೊನಿಗೆ ಹೋದೆ. ಅರಾವಳಿಯ ಗುಡ್ಡಗಳು ಅಲ್ಲಿ ಹೆಬ್ಬೆರಳಿನ ಹಾಗೆ ನೆಲದಿಂದ ಎದ್ದಿರುತ್ತವೆ. ಸುತ್ತೆಲ್ಲ ಕಲ್ಲು, ಜಾಲಿ ಪೊದೆ. ಕಾಲೊನಿ ಮಾತ್ರ ಹಾಸಿದ ಚಾಪೆಯಷ್ಟು ಸಮತಟ್ಟಾಗಿತ್ತು.

ನಮ್ಮ ಕೆಲಸ ನೋಡಿದವರಿಗೆ ಅನುಮಾನ ಬರುವುದು ಸಹಜ. ಗಲ್ಲಿಯುದ್ದಕ್ಕೂ ಉಕ್ಕಿನ ಗೂಟಗಳನ್ನು ಹೊಡೆಯುತ್ತೇವೆ, ಅವುಗಳಿಗೆ ತಂತಿ ಜೋಡಿಸುತ್ತೇವೆ, ನೆಲದೊಳಗೆ ವಿದ್ಯುತ್ತು ಸರಾಗವಾಗಿ ಹೋಗಲೆಂದು ಪ್ರತಿ ಗೂಟದ ಬುಡಕ್ಕೆ ಉಪ್ಪುನೀರು ಹೊಯ್ಯುತ್ತೇವೆ. ಒಬ್ಬ ಅಜ್ಜಿ ತನ್ನ ಬಾಗಿಲ ಮುಂದೆ ಉಪ್ಪುನೀರು ಬಿದ್ದದ್ದು ಕಂಡು, ಮಾಟ ಮಾಡಲು ಯಾರು ಕಳಿಸಿದರು ಎಂದು ಕೇಳಿದಳು. ಇನ್ನೊಬ್ಬ ತನ್ನ ಸ್ಕೂಟರನ್ನು ಬೇಕೆಂದೇ ತಂತಿಯ ಮೇಲೆ ನಿಲ್ಲಿಸಿ, ನಾವು ಬಿಲ್ಡರ್ ಕಡೆಯವರೆಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳಿದ. ಮನೆ ಒಡೆಯಲು ಗುರುತು ಹಾಕುವವರು ಎಂದು ಮತ್ತೊಬ್ಬರು. ಎಲ್ಲರನ್ನೂ ಸಮಾಧಾನ ಮಾಡಿದವರು ಪ್ರಧಾನ್‌ಜಿ. ಅವರು ನನ್ನ ಪಕ್ಕ ಬಿಟ್ಟು ಅಲುಗಲಿಲ್ಲ. ಚಹಾ ತರಿಸಿದರು, ಬಿಸಿಲಲ್ಲಿ ಕುರ್ಚಿ ಹಾಕಿಸಿದರು. ನಾನು ಯಾರ ಜೊತೆಗೂ ಒಬ್ಬಳೇ ಮಾತಾಡದಂತೆ ನೋಡಿಕೊಂಡರು ಎಂಬುದು ನನಗೆ ಆಮೇಲೆ ಹೊಳೆಯಿತು.

ಮಧ್ಯಾಹ್ನದ ಹೊತ್ತಿಗೆ ಗಲ್ಲಿಯ ಒಂದು ಕಡೆ ಗೂಟ ಇಳಿಯಲಿಲ್ಲ. ಸಹಾಯಕ ಎಷ್ಟು ಹೊಡೆದರೂ ಸುತ್ತಿಗೆ ಪುಟಿದು ಬರುತ್ತಿತ್ತು. ಪ್ರಧಾನ್‌ಜಿ ಕುರ್ಚಿಯಿಂದ ಏಳದೆಯೇ ಕೈ ತೋರಿಸಿದರು. "ಅಲ್ಲಿ ಬಂಡೆ ಮೇಲೇ ಇದೆ, ಬೇಟಾ. ಆ ಹಸಿರು ಗೇಟಿನ ಆಚೆ ಹೋಗಿ. ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯುತ್ತೆ."

ಹಸಿರು ಗೇಟಿನ ಆಚೆ ಗೂಟ ನಿಜಕ್ಕೂ ಹಾಗೆಯೇ ಇಳಿಯಿತು. ನೆಲದ ಕೆಳಗಿನದನ್ನು ಕಾಣಲು ನಾನು ವ್ಯಾನಿನ ತುಂಬ ಉಪಕರಣ ಹೊತ್ತು ಬಂದಿದ್ದೆ. ಈ ಮನುಷ್ಯ ಕುರ್ಚಿಯಲ್ಲಿ ಕೂತು ಹೇಳಿದ್ದ.

ನನ್ನ ಈ ಸಂಶಯದ ಬುದ್ಧಿಗೆ ಹಿನ್ನೆಲೆಯಿದೆ. ನಾನು ಬೆಳೆದದ್ದು ಕೋಲಾರದ ಚಿನ್ನದ ಗಣಿಯ ಊರಿನಲ್ಲಿ. ಗಣಿಯ ಆಳದಲ್ಲಿ ಬಂಡೆ ಒತ್ತಡ ತಾಳದೆ ಸಿಡಿದಾಗ ಮೇಲೆ ನಮ್ಮ ಮನೆಯ ಪಾತ್ರೆಗಳು ಗಲಗಲ ಎನ್ನುತ್ತಿದ್ದವು. ಊರವರು ಅದಕ್ಕೆ ಏರ್ ಬ್ಲಾಸ್ಟ್ ಎನ್ನುತ್ತಿದ್ದರು. ಹೊರಗಿನಿಂದ ಬಂದ ನೆಂಟರು ಭೂಕಂಪವೆಂದು ಬೀದಿಗೆ ಓಡಿದರೆ ನನ್ನಮ್ಮ ಒಲೆಯ ಮುಂದಿನಿಂದ ಏಳುತ್ತಿರಲಿಲ್ಲ. ನೆಲ ನಡುಗಿದರೆ ಭೂಮಿಯನ್ನು ದೂರುವ ಮೊದಲು, ಅಲ್ಲಿ ಯಾರು ಏನು ತೋಡಿದ್ದಾರೆ ಎಂದು ಕೇಳುವುದು ನಮ್ಮ ಊರಿನ ಮಕ್ಕಳಿಗೆ ತಾನಾಗಿ ಬರುತ್ತಿತ್ತು. ಓದಿ, ಡಿಗ್ರಿ ಪಡೆದು, ದೆಹಲಿಗೆ ಬಂದ ಮೇಲೂ ಅದು ಹೋಗಿಲ್ಲ.

ಅಂದು ಸಂಜೆ ತಂತಿ ಸುತ್ತುವಾಗ ಅಮ್ಮನ ಫೋನು ಬಂತು. ಊಟ ಮಾಡಿದ್ದೇನೆ, ಸ್ವೆಟರ್ ಹಾಕಿದ್ದೇನೆ ಎಂದು ಒಪ್ಪಿಸುತ್ತಿದ್ದಾಗ ಹಸಿರು ಗೇಟಿನ ಒಳಗಿಂದ ಒಬ್ಬ ಹೆಂಗಸು ಹೊರಗೆ ಬಂದರು. ಬೆಳಗಿನಿಂದ ಅವರು ಕಿಟಕಿಯಿಂದ ನಮ್ಮನ್ನು ನೋಡುತ್ತಲೇ ಇದ್ದರು, ಮುಖದಲ್ಲಿ ಒಂದಿಷ್ಟೂ ನಗುವಿರಲಿಲ್ಲ. ಈಗ ಹತ್ತಿರ ಬಂದು, "ನೀವು ಕನ್ನಡದವರಾ?" ಎಂದರು.

ಕುಂದಾಪುರದ ಕಡೆಯವರು. ಗಂಡ ಕರೋಲ್ ಬಾಗಿನಲ್ಲಿ ಹೋಟೆಲು ನಡೆಸುತ್ತಾರೆ, ಇವರು ಅರ್ಧ ದಿನ ಅಲ್ಲಿ ಗಲ್ಲಾದಲ್ಲಿ ಕೂರುತ್ತಾರೆ. ಪ್ರಧಾನ್‌ಜಿ ಆಗ ಸ್ಕೂಟರಿನವನ ಜೊತೆ ಮಾತಾಡುತ್ತಿದ್ದರು. ಆ ಅಕ್ಕ ನನ್ನನ್ನು ಸರಸರನೆ ಒಳಗೆ ಕರೆದುಕೊಂಡು ಹೋಗಿ ಬಿರುಕು ತೋರಿಸಿದರು. ಮುಂದಿನ ಕೋಣೆ ಮನೆಯಿಂದ ಕಳಚಿಕೊಂಡು ರಸ್ತೆಯ ಕಡೆಗೆ ವಾಲಿತ್ತು. ಗೋಡೆಯ ಸೀಳಿನಲ್ಲಿ ಬೆರಳು ಇಡಬಹುದಾಗಿತ್ತು. ಬಾಗಿಲು ಹಾಕಲಾಗದೆ ಅದಕ್ಕೆ ಕುರ್ಚಿ ಒರಗಿಸಿದ್ದರು. ಕಂಪನ ಆದ ಮೇಲೆ ಹೀಗಾಯಿತೇ ಎಂದೆ. ಅಲ್ಲವಂತೆ. ಕಳೆದ ಮಳೆಗಾಲದಿಂದಲೇ ಶುರುವಾಗಿತ್ತು. ಕಂಪನದ ಮಾತು ಬಂದದ್ದು ಆಮೇಲೆ. ಪಕ್ಕದ ಮನೆಯವರು ಆ ಕೆಂಪು ಗೆರೆ ನೋಡಿ ಹೆದರಿ ಸಿಕ್ಕ ಬೆಲೆಗೆ ಮಾರಿ ಹೋಗಿದ್ದರು. ಕೊಂಡವರು ಯಾರೆಂದು ಯಾರಿಗೂ ಸರಿಯಾಗಿ ತಿಳಿಯದು.

"ಒಂದು ಮಾತು ಸತ್ಯ ಹೇಳಿ," ಎಂದರು ಅಕ್ಕ. "ನಿಮ್ಮನ್ನು ಕರೆಸಿದ್ದು ಅವರು. ನೀವು ಬರೆಯುವುದು ಅವರು ಹೇಳಿದ್ದನ್ನಾ, ಅಥವಾ ಕೆಳಗೆ ಎಂತ ಉಂಟೋ ಅದನ್ನಾ?"

ಕೆಳಗೆ ಇರುವುದನ್ನು ಎಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ. ಬಾಗಿಲಲ್ಲಿ ಪ್ರಧಾನ್‌ಜಿಯ ದನಿ ಕೇಳಿತು. ಅಕ್ಕ ತಕ್ಷಣ ಮಾತನ್ನು ಹಿಂದಿಗೆ ತಿರುಗಿಸಿ, ಇವರು ನೀರು ಕೇಳಿದರು, ಕೊಟ್ಟೆ ಎಂದರು.

ಕಚೇರಿಯಲ್ಲಿ ಅಳತೆಗಳನ್ನು ಚಿತ್ರವಾಗಿಸಿದೆ. ನಮ್ಮ ಚಿತ್ರಗಳಲ್ಲಿ ವಿದ್ಯುತ್ತನ್ನು ತಡೆಯುವ ಗಟ್ಟಿ ಬಂಡೆ ಕೆಂಪಾಗಿ, ನೀರು ಹೀರಿದ ಸಡಿಲ ಮಣ್ಣು ನೀಲಿಯಾಗಿ ಬರುತ್ತದೆ. ಕೆಂಪು ಎಡದಿಂದ ಬಂದು ಹಸಿರು ಗೇಟಿನ ಹತ್ತಿರ ಗೋಡೆಯ ಹಾಗೆ ನಿಂತು ಕೆಳಗೆ ಬಿದ್ದಿತ್ತು. ಅದರಾಚೆ ಬರೀ ನೀಲಿ. ಪಾಠದ ಪುಸ್ತಕದಲ್ಲಿ ಸ್ತರಭಂಗವನ್ನು ಹೀಗೆಯೇ ತೋರಿಸುತ್ತಾರೆ. ಸರ್ ಕನ್ನಡಕ ಏರಿಸಿ ನೋಡಿ, ಬಹಳ ಚೊಕ್ಕವಾಗಿ ಬಂದಿದೆ ಎಂದರು.

ಚೊಕ್ಕವಾಗಿ ಬಂದದ್ದೇ ನನ್ನ ತೊಂದರೆಯಾಗಿತ್ತು. ನಾನು ಆ ಮೊಬೈಲಿನ ನಕ್ಷೆಯನ್ನು ಪಕ್ಕಕ್ಕಿಟ್ಟುಕೊಂಡೆ. ಕೆಂಪು ಗೆರೆ ಹಾದುಹೋದ ಜಾಗವೂ ನನ್ನ ಚಿತ್ರದಲ್ಲಿ ಬಂಡೆ ಮುರಿದ ಜಾಗವೂ ಒಂದೇ ಮನೆಯ ಅಂಗಳದಲ್ಲಿ ಬೀಳುತ್ತಿದ್ದವು. ದೊಡ್ಡ ದೊಡ್ಡ ಸಂಸ್ಥೆಗಳು ಮಾಡುವ ನಕ್ಷೆಗಳಲ್ಲಿ ಹೂತುಹೋದ ಸ್ತರಭಂಗದ ಗೆರೆ ಒಂದಿಡೀ ಬಡಾವಣೆಯಷ್ಟು ಆಚೀಚೆ ಇರುತ್ತದೆ. ಅಳತೆ ಮಾಡದೆ ಇಷ್ಟು ಕರಾರುವಾಕ್ಕಾಗಿ ಗೆರೆ ಎಳೆಯಬೇಕಾದರೆ, ಎಳೆದವನಿಗೆ ಅಲ್ಲಿ ಏನಿದೆ ಎಂದು ಮೊದಲೇ ಗೊತ್ತಿರಬೇಕು. ಭೂಮಿಯೊಳಗಿನದು ಮನುಷ್ಯನಿಗೆ ಮೊದಲೇ ಗೊತ್ತಿರಬೇಕಾದರೆ ಅದು ಒಂದು ಕಾಲದಲ್ಲಿ ಹೊರಗೆ ಕಾಣುತ್ತಿರಬೇಕು.

ಆ ಸೀಮೆಯಲ್ಲೆಲ್ಲ ಹಿಂದೆ ಕಲ್ಲಿನ ಕ್ವಾರಿಗಳಿದ್ದವು. ದೆಹಲಿಯ ಅರ್ಧ ಮನೆಗಳ ಗಾರೆಗೆ ಹಾಕಿದ ಬದರ್‌ಪುರ್ ಮರಳು ಆ ಗುಡ್ಡಗಳದ್ದೇ. ಕ್ವಾರಿಯ ಕಡಿದಾದ ಗೋಡೆಯನ್ನು ಕಸಮಣ್ಣಿನಿಂದ ಮುಚ್ಚಿದರೆ, ಒಂದೇ ಲೈನಿನ ಅಳತೆಯಲ್ಲಿ ಅದಕ್ಕೂ ಸ್ತರಭಂಗಕ್ಕೂ ವ್ಯತ್ಯಾಸ ಕಾಣುವುದಿಲ್ಲ. ವ್ಯತ್ಯಾಸ ಕಾಣಬೇಕಾದರೆ ಇನ್ನಷ್ಟು ಲೈನು ಹಾಕಬೇಕು. ಸ್ತರಭಂಗ ಮುಂದಿನ ಗಲ್ಲಿಗೂ ಅದರ ಮುಂದಿನ ಗಲ್ಲಿಗೂ ತನ್ನ ದಾರಿ ಹಿಡಿದು ಹೋಗುತ್ತದೆ. ಕ್ವಾರಿಯ ಅಂಚು ತಿರುಗಿ ಬಂದು ತನ್ನನ್ನೇ ಸೇರುತ್ತದೆ.

ಒಂದೇ ಲೈನು ಸಾಕು ಎಂದು ಪ್ರಧಾನ್‌ಜಿ ಅಷ್ಟು ಒತ್ತಿ ಹೇಳಿದ್ದು ಯಾಕೆಂದು ಈಗ ಯೋಚನೆಗೆ ಬಂತು. ಸರ್ ಹತ್ತಿರ ಹೋಗಿ ಇನ್ನೂ ಕೆಲವು ಲೈನು ಹಾಕಬೇಕು ಎಂದೆ. ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಒಪ್ಪಿಕೊಂಡದ್ದು ಒಂದಕ್ಕೆ ಎಂದರು. ಉಪಕರಣ ಭಾನುವಾರ ಖಾಲಿ ಇರುತ್ತದೆ, ಅದು ಎಲ್ಲಿಗೆ ಹೋಗಿತ್ತು ಎಂದು ತಾವು ಕೇಳುವುದಿಲ್ಲ ಎಂದರು. ಇದು ಅನುಮತಿಯೋ, ನಾಳೆ ಏನಾದರೂ ಆದರೆ ತಾವು ನುಣುಚಿಕೊಳ್ಳುವ ದಾರಿಯೋ ನನಗೆ ತಿಳಿಯಲಿಲ್ಲ. ಪ್ರಧಾನ್‌ಜಿ ಸರ್‌ಗೆ ಎಷ್ಟು ಸಲ ಫೋನು ಮಾಡಿರಬಹುದು ಎಂದು ನನ್ನ ತಲೆ ಲೆಕ್ಕ ಹಾಕತೊಡಗಿತು. ಮೆಟ್ರೋದಲ್ಲಿ ಮನೆಗೆ ಹೋಗುವಾಗಲೂ ಅದೇ. ನಾನು ಗೌರವಿಸುತ್ತಿದ್ದ ಮನುಷ್ಯನ ಒಂದೊಂದು ಮಾತನ್ನೂ ತಿರುವಿ ತಿರುವಿ ನೋಡುವುದು ಹಿತವಾದ ಕೆಲಸವಲ್ಲ.

ಅಕ್ಕನಿಗೆ ಫೋನು ಮಾಡಿದೆ. ಭಾನುವಾರ ಪ್ರಧಾನ್‌ಜಿ ಮದುವೆಗೆಂದು ರೋಹ್ತಕ್‌ಗೆ ಹೋಗುತ್ತಾರೆ, ಅಂದೇ ಬನ್ನಿ ಎಂದರು. ಹೋಟೆಲಿಗೆ ಅದು ಗಿರಾಕಿ ತುಂಬುವ ದಿನ, ಆದರೂ ಅವರು ಉಳಿದರು. ಮನೆ ಮನೆಗೆ ಹೋಗಿ ಅಂಗಳದಲ್ಲಿ ಗೂಟ ಹೊಡೆಯಲು ಒಪ್ಪಿಗೆ ಕೇಳಿದವರು ಅವರೇ. ಅವರ ಹಿಂದಿ ಎಲ್ಲಿ ಕೈಕೊಡುತ್ತಿತ್ತೋ ಅಲ್ಲಿ ಕಾಲೇಜಿಗೆ ಹೋಗುವ ಮಗಳು ಮುಂದೆ ಬರುತ್ತಿದ್ದಳು. ಮಾಟದ ಮಾತಾಡಿದ್ದ ಅಜ್ಜಿಯ ಮುಂದೆ ಆ ಹುಡುಗಿ, "ದಾದೀ, ಯೇ ಲೋಗ್ ಡಾಕ್ಟರ್ ಜೈಸೇ ಹೈಂ, ಜಮೀನ್ ಕೇ," ಎಂದಳು, ಇವರು ನೆಲದ ಡಾಕ್ಟರುಗಳಿದ್ದ ಹಾಗೆ ಎಂದು. ಅಜ್ಜಿ ಉಪ್ಪಿನ ನೀರನ್ನು ತಾನೇ ಮೂಸಿ ನೋಡಿ ಒಪ್ಪಿದಳು. ಹುಡುಗಿ ಅಮ್ಮನ ಕಡೆ ತಿರುಗಿ, "ಅಮ್ಮಾ, ಅವ್ರು ಹಾಂ ಅಂದ್ರು," ಎಂದಳು. ಅಜ್ಜಿ ಉಪ್ಪಿನ ನೀರನ್ನು ತಾನೇ ಮೂಸಿ ನೋಡಿ ಒಪ್ಪಿದಳು.

ಮೂರನೇ ಗಲ್ಲಿಯಲ್ಲಿ, ಉದ್ಯಾನದಲ್ಲಿ, ದೇವಸ್ಥಾನದ ಹಿಂದೆ ಲೈನು ಹಾಕಿದೆವು. ಸ್ತರಭಂಗವಾಗಿದ್ದರೆ ಉದ್ಯಾನದ ನಡುವೆ ಹಾದುಹೋಗಬೇಕಿತ್ತು. ಅಲ್ಲಿ ಅಖಂಡ ಬಂಡೆಯಿತ್ತು. ಅಂಚು ಉದ್ಯಾನದ ಈಚೆಯೇ ಬಾಗಿ, ದೇವಸ್ಥಾನದ ಹಿಂದೆ ಮತ್ತೆ ತಿರುಗಿ, ಮೂರನೇ ಗಲ್ಲಿಯಲ್ಲಿ ವಾಪಸು ಬಂದಿತ್ತು. ಬಿಂದುಗಳನ್ನು ಕೂಡಿಸಿದಾಗ ಒಂದು ಓರೆ ಬಟ್ಟಲಿನ ಆಕಾರ ಬಂತು. ಅದರ ಅಂಚಿನ ಮೇಲೆ, ಒಂದು ಕಾಲು ಬಂಡೆಯ ಮೇಲೂ ಇನ್ನೊಂದು ಕಾಲು ತುಂಬಿದ ಮಣ್ಣಿನ ಮೇಲೂ ಇಟ್ಟು ನಿಂತಿದ್ದ ಮನೆಗಳೇ ಬಿರುಕು ಬಿಟ್ಟಿದ್ದವು. ನೀಲಿ ಎಲ್ಲಕ್ಕಿಂತ ದಟ್ಟವಾಗಿದ್ದುದು ನೀರಿನ ಮುಖ್ಯ ಪೈಪು ಹೋದ ಕಡೆ. ಪೈಪು ಎಲ್ಲೋ ಸೋರಿ, ಮಣ್ಣು ನೆನೆದು ಕುಸಿಯುತ್ತಿತ್ತು.

ಸೋಮವಾರ ಚಿತ್ರಗಳನ್ನು ಸರ್ ಮುಂದೆ ಇಟ್ಟೆ. ಅವರು ಒಂದೊಂದನ್ನೂ ಎತ್ತಿ ನೋಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಆಮೇಲೆ ಅವರು ಸುತ್ತಿಗೆಯ ಪೆಟ್ಟಿಗೆ ವ್ಯಾನಿಗೆ ಹಾಕಿಸಿ ಎಂದರು. ಕಾಲೊನಿಯಲ್ಲಿ, ಆ ವಯಸ್ಸಿನಲ್ಲೂ, ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು, ಕಬ್ಬಿಣದ ಹಲಗೆಯ ಮೇಲೆ ತಾವೇ ಸುತ್ತಿಗೆ ಬಡಿದರು. ನೆಲಕ್ಕೆ ಚುಚ್ಚಿದ ಪುಟ್ಟ ಗ್ರಾಹಕಗಳು ಆ ಅಲೆ ಬಂದ ವೇಳೆಯನ್ನು ಹಿಡಿದವು. ಸಡಿಲ ಮಣ್ಣಿನಲ್ಲಿ ಅಲೆ ನಿಧಾನವಾಗಿ ಹೋಗುತ್ತದೆ, ಬಂಡೆಯಲ್ಲಿ ಓಡುತ್ತದೆ. ಬಟ್ಟಲಿನ ತಳದಲ್ಲಿ ಬಂಡೆ ಒಡೆಯದೆ ಹಾಗೇ ಇದೆ ಎಂದು ಅಲೆಗಳು ತೋರಿಸಿದವು. ಸ್ತರಭಂಗಕ್ಕೆ ತಳವಿರುವುದಿಲ್ಲ.

ಸರ್ ಬೆವರೊರೆಸಿಕೊಂಡು, "ನಾವು ನೆಲದ ಬಗ್ಗೆ ಬರೆಯೋಣ," ಎಂದರು. "ಮನುಷ್ಯರ ಬಗ್ಗೆ ಬೇಡ."

ಪ್ರಧಾನ್‌ಜಿ ಎಲ್ಲವನ್ನೂ ನೋಡುತ್ತ ನಿಂತಿದ್ದರು. ಭಾನುವಾರದ ಸುದ್ದಿ ಅವರಿಗೆ ಮುಟ್ಟಿತ್ತು. ನನ್ನೊಬ್ಬಳನ್ನೇ ಮನೆಯೊಳಗೆ ಕರೆದು ಬಾದಾಮಿ ಹಾಲು ಕೊಟ್ಟರು. ಕೋಪ ಇರಲಿಲ್ಲ, ಅಥವಾ ನನಗೆ ಕಾಣದಂತೆ ಇಟ್ಟುಕೊಂಡಿದ್ದರು. ಹಸಿರು ಗೇಟಿನ ಆಚೆ ಗೂಟ ಇಳಿಯುತ್ತದೆ ಎಂದು ನಿಮಗೆ ಹೇಗೆ ಗೊತ್ತಾಯಿತು ಎಂದು ನೇರವಾಗಿ ಕೇಳಿಬಿಟ್ಟೆ. ಅಂದಾಜು ಎಂದರು. ಈ ಪ್ಲಾಟುಗಳನ್ನು ಮಾರಿದವರು ಯಾರು ಎಂದೆ. ಹಲವರು ಸೇರಿ ಮಾರಿದರು, ತಾವೂ ಒಬ್ಬರು, ಆಗ ಇದು ಮೈದಾನವಾಗಿತ್ತು ಎಂದರು.

"ನೋಡು ಬೇಟಾ," ಎಂದರು ಕೊನೆಗೆ. "ಫಾಲ್ಟ್ ಅಂತ ಬರೆದರೆ ಯಾರಿಗೂ ಯಾರ ಮೇಲೂ ಸಿಟ್ಟು ಇರೋದಿಲ್ಲ. ಭೂಮಿ ತಾಯಿ ಮಾಡಿದ್ದು ಅಂತ ಸುಮ್ಮನಾಗ್ತಾರೆ. ನೀನು ಬರೆಯೋದರಿಂದ ಗೋಡೆ ಕೂಡಿಕೊಳ್ಳೋದಿಲ್ಲ. ಈ ಗಲ್ಲಿಯ ಜನ ಮಾತ್ರ ಒಬ್ಬರ ಮುಖ ಒಬ್ಬರು ನೋಡದ ಹಾಗಾಗ್ತಾರೆ."

ಅವರು ಹೇಳಿದ್ದರಲ್ಲಿ ಸುಳ್ಳು ಯಾವುದು ಎಂದು ಹುಡುಕಿದೆ. ಪೂರ್ತಿ ಸುಳ್ಳು ಎನ್ನುವಂಥದ್ದು ಸಿಗಲಿಲ್ಲ.

ವರದಿ ಹೋಯಿತು. ಪ್ರಧಾನ್‌ಜಿ ಅದನ್ನು ಯಾರಿಗೂ ಓದಿ ಹೇಳಲಿಲ್ಲ. ಕಾಲೊನಿಯ ಸಭೆಯಲ್ಲಿ ಕಂಪನಿಯವರು ಇನ್ನೂ ಪರೀಕ್ಷೆ ಮಾಡುತ್ತಿದ್ದಾರೆ ಎಂದರಂತೆ. ಆಗ ಅಕ್ಕ ಎದ್ದು ನಿಂತು ತನ್ನ ಹರಕು ಹಿಂದಿಯಲ್ಲಿ, ಅಳತೆ ಮಾಡಿದ ಹುಡುಗಿಯನ್ನೇ ಕರೆಸಿ ಎಂದರಂತೆ. ಅದರ ಮುಂದಿನ ಸಭೆಗೆ ನಾನು, ಸರ್ ಇಬ್ಬರೂ ಹೋದೆವು. ಕೆಳಗೆ ಸ್ತರಭಂಗ ಇಲ್ಲ, ಮುಚ್ಚಿದ ಹಳೆಯ ಕ್ವಾರಿ ಇದೆ, ಪೈಪು ಸೋರುತ್ತಿದೆ ಎಂದು ಹೇಳಿದೆ. ಸ್ಕೂಟರಿನವನು ಎದ್ದು, ಕ್ವಾರಿ ಎಂದು ಹೇಳಲು ನಮಗೆ ಯಾವ ಬಿಲ್ಡರ್ ದುಡ್ಡು ಕೊಟ್ಟ ಎಂದು ಕೇಳಿದ. ಕೆಲವರು ತಲೆಯಾಡಿಸಿದರು. ಭೂಮಿಯ ತಪ್ಪೆಂದು ನಂಬಿದ್ದವರಿಗೆ ಮನುಷ್ಯರ ತಪ್ಪೆಂದು ನಂಬುವುದು ಅಷ್ಟು ಸುಲಭವಾಗಿರಲಿಲ್ಲ. ಅವರು ಸಾಲಾಗಿ ಕೂತಿದ್ದ, ಹಿಂದೆ ಪ್ಲಾಟು ಮಾರಿದ್ದ ಹಳಬರ ಮುಖಗಳನ್ನು ಒಂದೊಂದಾಗಿ ನೋಡತೊಡಗಿದರು.

ಪೈಪು ಅಗೆದಾಗ ಸೋರಿಕೆ ಸಿಕ್ಕಿತು. ಹೊಂಡದಿಂದ ಹಳೆಯ ಟೈರು, ಇಟ್ಟಿಗೆ ಚೂರು, ಕೊಳೆತ ಗೋಣಿಚೀಲ ಬಂದವು. ಅದನ್ನು ಕಂಡ ಮೇಲೆ ನಮ್ಮ ಮಾತಿಗೆ ಬೆಲೆ ಬಂತು. ಎಂಜಿನಿಯರೊಬ್ಬರು ಬಂದು ಕೆಲವು ಮನೆಗಳ ಬುಡಕ್ಕೆ ಆಸರೆ ಕೊಡಿಸಿದರು. ಅಕ್ಕನ ಮನೆಯ ಮುಂದಿನ ಕೋಣೆ ಉಳಿಯಲಿಲ್ಲ. ಅದನ್ನು ಇಳಿಸಿ, ಬಂಡೆಯ ಮೇಲಿರುವ ಹಿಂಭಾಗದಲ್ಲೇ ವಾಸ ಮುಂದುವರಿಸಿದರು. ಮಾರಿ ಹೋದ ಪಕ್ಕದ ಮನೆಯವರನ್ನು ಯಾರೂ ಹುಡುಕಿ ಕರೆತರಲಿಲ್ಲ. ಕೆಂಪು ಗೆರೆ ಎಳೆದವರು ಯಾರೆಂದು ಇಂದಿಗೂ ಗೊತ್ತಿಲ್ಲ. ಅಕ್ಕನಿಗೆ ಅದು ಪ್ರಧಾನ್‌ಜಿಯೇ ಎಂಬುದರಲ್ಲಿ ಸಂಶಯವಿಲ್ಲ. ನನಗೆ ಒಮ್ಮೊಮ್ಮೆ ಹೌದೆನಿಸುತ್ತದೆ.

ಮುಂದಿನ ಬೇಸಿಗೆಯಲ್ಲಿ ಪ್ರಧಾನ್‌ಜಿಯ ಫೋನು ಬಂತು. ಅಷ್ಟು ಹೊತ್ತಿಗೆ ಅಧ್ಯಕ್ಷಗಿರಿ ಬಿಟ್ಟಿದ್ದರು, ಅಥವಾ ಬಿಡಿಸಿದ್ದರು. ತಮ್ಮ ಮನೆಯ ಕೆಳಗೂ ಒಮ್ಮೆ ನೋಡಬೇಕಂತೆ. ಅದು ಬಟ್ಟಲಿನ ಹೊರಗಿದೆ ಎಂದು ನಮ್ಮ ಚಿತ್ರದಲ್ಲೇ ಇತ್ತು, ಹೇಳಿದೆ. ಆದರೂ ನೋಡು ಎಂದರು. ಹೋಗಿ ಅಂಗಳದಲ್ಲೂ ಹಿತ್ತಿಲಲ್ಲೂ ಅಳೆದೆ. ಎಲ್ಲ ಕಡೆ ಗಟ್ಟಿ ಬಂಡೆ. ಗೂಟ ನಿಲ್ಲಿಸಲು ಕಲ್ಲಿಗೆ ರಂಧ್ರ ಕೊರೆಯಬೇಕಾಯಿತು.

ಅವರು ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಎಲ್ಲಿಯೂ ನೀಲಿ ಇರಲಿಲ್ಲ.

"ನಿಜ ಹೇಳ್ತಿದ್ದೀಯಾ, ಬೇಟಾ?"

ನಿಜ ಎಂದೆ. ಅವರು ನನ್ನ ಮುಖ ನೋಡಿದರು, ಆಮೇಲೆ ಸಹಾಯಕರ ಮುಖ ನೋಡಿದರು. ಇನ್ನೊಮ್ಮೆ ಕೇಳಿದರು. ನಾನು ಇನ್ನೊಮ್ಮೆ ಹೇಳಿದೆ. ಹಿಂದಿನ ಸಲದ ಹಾಗೆ ಕುರ್ಚಿಯಾಗಲಿ ಚಹಾ ಆಗಲಿ ಬರಲಿಲ್ಲ. ಗೇಟಿನವರೆಗೆ ನಮ್ಮ ಹಿಂದೆಯೇ ಬಂದು, ವ್ಯಾನು ತಿರುಗುವವರೆಗೂ ನಿಂತಿದ್ದರು.

ಕೆಲವು ದಿನಗಳ ಮೇಲೆ ಅಕ್ಕನ ಫೋನು ಬಂತು. ಬೇರೆ ಯಾವುದೋ ಕಂಪನಿಯವರು ಬಂದು ಪ್ರಧಾನ್‌ಜಿಯ ಅಂಗಳದಲ್ಲಿ ಗೂಟ ಹೊಡೆಯುತ್ತಿದ್ದಾರೆ ಮಾರಾಯ್ತಿ, ಎಂದರು.